ಡಿವಿಡಿ ಚೂರಿನಿಂದ ಗೆಲಾಕ್ಸಿಯ ದೂರದವರೆಗೆ: ಹೊಸಬರಿಗೆ ಖಭೌತ ವಿಜ್ಞಾನ ಕಲಿಸುವ ನನ್ನ ದಾರಿ

ಖಭೌತ ವಿಜ್ಞಾನ ಕಲಿಯಲು ಬರುವವರು ಮೊದಲು ಕೇಳುವುದೇ ಕಪ್ಪುರಂಧ್ರ, ಮಹಾಸ್ಫೋಟ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ನಕ್ಷತ್ರದಲ್ಲಿ ಏನಿದೆ, ಎಷ್ಟು ಬಿಸಿ, ಎತ್ತ ಓಡುತ್ತಿದೆ ಎಂಬುದೆಲ್ಲ ಅದರ ಬೆಳಕನ್ನು ಸೀಳಿ ನೋಡಿದಾಗ ತಿಳಿದದ್ದು. ಹಾಗಾಗಿ ಮೊದಲ ಪಾಠ ಪೂರ್ತಿ ರೋಹಿತದರ್ಶಕ, ಅಂದರೆ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ (ರೋಹಿತ) ಬಿಡಿಸಿ ತೋರಿಸುವ ಸಲಕರಣೆ, ಕಟ್ಟುವುದಕ್ಕೇ ಮೀಸಲು.

ಬೇಕಾದದ್ದು ಒಂದು ಖಾಲಿ ಡಿವಿಡಿ-ಆರ್, ಎರಡು ಶೇವಿಂಗ್ ಬ್ಲೇಡ್, ಸುಮಾರು 25 ಸೆಂ.ಮೀ. ಉದ್ದದ ರಟ್ಟಿನ ಪೆಟ್ಟಿಗೆ, ಕಪ್ಪು ಕಾಗದ, ಟೇಪು. ಡಿವಿಡಿ ಎಂದರೆ 0.6 ಮಿ.ಮೀ. ದಪ್ಪದ ಎರಡು ತಟ್ಟೆಗಳನ್ನು ಅಂಟಿಸಿದ್ದು. ಕತ್ತರಿಯಿಂದ ತುಂಡು ಮಾಡಿ, ಅಂಚಿನಲ್ಲಿ ಬ್ಲೇಡ್ ತೂರಿಸಿದರೆ ಎರಡೂ ಬೇರೆಯಾಗುತ್ತವೆ. ಹೊಳಪಿನ ಪದರ ಒಂದಕ್ಕೆ ಅಂಟಿಕೊಂಡು ಹೋಗುತ್ತದೆ. ಇನ್ನೊಂದು, ನೇರಳೆ ಛಾಯೆಯ ಪಾರದರ್ಶಕ ತಟ್ಟೆ, ನಮಗೆ ಬೇಕಾದ ಗ್ರೇಟಿಂಗ್: ಅದರ ಮೇಲಿನ ಒತ್ತೊತ್ತಾದ ಸಣ್ಣ ಗೀರುಗಳೇ ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತವೆ. ಆ ಬಣ್ಣ ಸ್ಪಿರಿಟ್‌ನಲ್ಲಿ ತೊಳೆದರೆ ಹೋಗುತ್ತದೆ. ಗೀರುಗಳಿರುವ ಮುಖಕ್ಕೆ ಬೆರಳು ತಾಗಿಸಬಾರದು. ಹೊರ ಅಂಚಿನ ಹತ್ತಿರದಿಂದಲೇ 2 ಸೆಂ.ಮೀ. ಚೌಕ ಕತ್ತರಿಸಿ, ಅಲ್ಲಿ ಗೀರುಗಳ ಬಾಗು ಕಡಿಮೆ.

ಪೆಟ್ಟಿಗೆಯ ಒಂದು ತುದಿಯಲ್ಲಿ ಸೀಳುಗಂಡಿ, ಇನ್ನೊಂದು ತುದಿಯಲ್ಲಿ ಈ ಚೂರು, ಒಳಗೆಲ್ಲ ಕಪ್ಪು ಕಾಗದ. ಎರಡು ಬ್ಲೇಡುಗಳ ನಡುವೆ ಎರಡು ಹಾಳೆ ಕಾಗದ ಇಟ್ಟು ಟೇಪು ಹಾಕಿ, ಆಮೇಲೆ ಕಾಗದ ಎಳೆದರೆ ಸುಮಾರು 0.2 ಮಿ.ಮೀ. ಸಂದು ಸಿಗುತ್ತದೆ. (ಮಕ್ಕಳ ಗುಂಪಾದರೆ ಬ್ಲೇಡಿನ ಕೆಲಸ ದೊಡ್ಡವರದ್ದು.) ಸಂದು ಗೀರುಗಳಿಗೆ ಸಮಾನಾಂತರವಾಗಿರಲೇಬೇಕು, ಓರೆಯಾದರೆ ಗೆರೆಗಳು ಕಲಸಿಹೋಗುತ್ತವೆ. "ಏನೂ ಕಾಣ್ತಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಸೀಳಿನ ಕಡೆಗೇ ನೇರವಾಗಿ ನೋಡುತ್ತಿರುತ್ತಾರೆ. ಡಿವಿಡಿಯ ಗೀರುಗಳ ಅಂತರ 0.74 ಮೈಕ್ರಾನ್ ಆದ್ದರಿಂದ ಹಸಿರು ಬೆಳಕು ಸುಮಾರು 47 ಡಿಗ್ರಿ ಬಾಗುತ್ತದೆ. ಕಣ್ಣನ್ನು ಚೂರಿಗೆ ಒತ್ತಿ ಪಕ್ಕದ ಗೋಡೆಯ ಕಡೆ ನೋಡಬೇಕು. ಸಿಡಿಯಲ್ಲಿ ಈ ಅಂತರ 1.6 ಮೈಕ್ರಾನ್, ರೋಹಿತ ಇಕ್ಕಟ್ಟಾಗುತ್ತದೆ, ನಾನು ಬಳಸುವುದಿಲ್ಲ.

ಮೊದಲು ಎಲ್‌ಇಡಿ ಬಲ್ಬು: ಕಡಿಯದ ಪಟ್ಟಿ. ಆಮೇಲೆ ಸಿಎಫ್‌ಎಲ್: ಪಾದರಸದ 435.8 ಮತ್ತು 546.1 ನ್ಯಾನೋಮೀಟರ್ (ಇದು ತರಂಗಾಂತರ, ಬೆಳಕಿನ ಬಣ್ಣದ ಅಳತೆ) ಗೆರೆಗಳು, ಯೂರೋಪಿಯಂ ಕೊಡುವ 611ರ ಕೆಂಪು. 546ರ ಪಕ್ಕದಲ್ಲೇ ಟರ್ಬಿಯಂನ ಇನ್ನೊಂದು ಹಸಿರು ಇರುತ್ತದೆ. ಎರಡೂ ಸೇರಿ ಒಂದೇ ದಪ್ಪ ಗೆರೆಯಾಗಿ ಕಂಡರೆ ಸಂದು ಅಗಲವಾಗಿದೆ ಎಂದರ್ಥ. ಗ್ಯಾಸ್ ಜ್ವಾಲೆಗೆ ಉಪ್ಪು ಹಿಡಿದರೆ ಸೋಡಿಯಂನ 589.

ಮೊಬೈಲ್ ಫೋಟೋದಿಂದ ಅಳತೆಪಟ್ಟಿ (ಚಿತ್ರದ ಯಾವ ಜಾಗ ಯಾವ ತರಂಗಾಂತರ ಎಂಬ ಲೆಕ್ಕ) ಮಾಡುವವರು ಒಂದು ಕಡೆ ತಪ್ಪದೆ ಎಡವುತ್ತಾರೆ: 435.8 ಮತ್ತು 546.1ರ ನಡುವೆ ಸರಳರೇಖೆ ಎಳೆದು ಅದನ್ನೇ ಕೆಂಪಿನವರೆಗೆ ಮುಂದುವರಿಸುವುದು. ಡಿವಿಡಿಯಲ್ಲಿ ಕೆಂಪಿನ ಕಡೆ ಹರವು ಹೆಚ್ಚು. 611ರ ಗೆರೆ ಹತ್ತಕ್ಕೂ ಹೆಚ್ಚು ನ್ಯಾನೋಮೀಟರ್ ಮುಂದೆ ಕೂರುತ್ತದೆ. ಮೂರು ಬಿಂದುಗಳನ್ನಿಟ್ಟು ವಕ್ರರೇಖೆ ಹೊಂದಿಸಿ.

ಸೂರ್ಯನ ಕಡೆಗೆ ಇದನ್ನು ಎಂದೂ ಹಿಡಿಯಬಾರದು. ಬಿಸಿಲು ಬಿದ್ದ ಬಿಳಿ ಗೋಡೆ ಸಾಕು. 656.3, 589, 517, 486.1ರ ಬಳಿ ಕಪ್ಪು ಗೆರೆಗಳನ್ನು ಹುಡುಕಿ. ಉಪ್ಪಿನಲ್ಲಿ ಹೊಳೆದ ಜಾಗದಲ್ಲೇ ಸೂರ್ಯನಲ್ಲಿ ಕಪ್ಪು ಇದೆಯೆಂದು ಕಂಡಮೇಲೆ, ಅಲ್ಲಿ ಸೋಡಿಯಂ ಇದೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. 1868ರ ಆಗಸ್ಟ್ 18ರ ಪೂರ್ಣ ಗ್ರಹಣದಲ್ಲಿ ಗುಂಟೂರಿನಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷಲ್ ರೋಹಿತದರ್ಶಕ ಹಿಡಿದೇ ನಿಂತಿದ್ದರು. ಸೂರ್ಯನ ಅಂಚಿನ ಚಾಚುಗಳಲ್ಲಿ ಉಜ್ವಲ ಗೆರೆಗಳು ಕಂಡವು: ಅವು ಬಿಸಿ ಅನಿಲ. ಅದೇ ವರ್ಷ ಚರ್ಚೆಗೆ ಬಂದ 587.6ರ ಹಳದಿ ಗೆರೆ ಸೋಡಿಯಂನದ್ದಲ್ಲ, ಹೀಲಿಯಂನದ್ದು. ಭೂಮಿಯಲ್ಲಿ ಅದನ್ನು ರಸಾಯನ ವಿಜ್ಞಾನಿ ರ‍್ಯಾಮ್ಸೆ ಗುರುತಿಸಿದ್ದು 1895ರಲ್ಲಿ.

ವಿಶ್ವವಿಜ್ಞಾನಕ್ಕೆ ಇಲ್ಲಿಂದ ಒಂದೇ ಹೆಜ್ಜೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆಯ ಗೆಲಾಕ್ಸಿ ರೋಹಿತಗಳು ಉಚಿತ. ನಕ್ಷತ್ರ ಹುಟ್ಟುತ್ತಿರುವ, ಎಚ್-ಆಲ್ಫಾ (ಹೈಡ್ರೋಜನ್‌ನ ಕೆಂಪು ಗೆರೆ, ಮೇಲಿನ 656.3) ಎದ್ದು ಕಾಣುವ ಗೆಲಾಕ್ಸಿ ಆರಿಸಿ ಮುದ್ರಿಸಿ ಕೊಡುತ್ತೇನೆ. ಅಲ್ಲಿನ ಅಳತೆ ಆಂಗ್‌ಸ್ಟ್ರಾಮ್‌ನಲ್ಲಿ (ನ್ಯಾನೋಮೀಟರಿನ ಹತ್ತನೇ ಒಂದು ಭಾಗ), ಅದೂ ಗಾಳಿಯದ್ದಲ್ಲ, ನಿರ್ವಾತದ ತರಂಗಾಂತರ: ಎಚ್-ಆಲ್ಫಾ 6562.8 ಅಲ್ಲ, 6564.6. ಇದನ್ನು ಮರೆತರೆ ವೇಗದಲ್ಲಿ ಸೆಕೆಂಡಿಗೆ ಸುಮಾರು 80 ಕಿ.ಮೀ. ತಪ್ಪು. ಪಕ್ಕದ ನೈಟ್ರೋಜನ್ ಗೆರೆಯನ್ನು ಎಚ್-ಆಲ್ಫಾ ಎಂದುಕೊಳ್ಳುವವರೂ ಉಂಟು.

ಗೆರೆ 6761.5ರಲ್ಲಿ ಇದೆಯೆನ್ನಿ. ಸರಿದದ್ದು 196.9, ಅದನ್ನು 6564.6ರಿಂದ ಭಾಗಿಸಿದರೆ ಕೆಂಪು ಪಲ್ಲಟ (ನಮ್ಮಿಂದ ದೂರ ಸರಿಯುವ ಗೆಲಾಕ್ಸಿಯ ಗೆರೆಗಳು ಕೆಂಪಿನ ಕಡೆ ಸರಿಯುವ ಪ್ರಮಾಣ) 0.03. ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ 9,000 ಕಿ.ಮೀ. ಹಬಲ್ ಸ್ಥಿರಾಂಕ (ವಿಶ್ವ ಹಿಗ್ಗುವ ದರ: ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಎಷ್ಟು ಕಿ.ಮೀ.) 70 ಎಂದಿಟ್ಟುಕೊಂಡು ಭಾಗಿಸಿದರೆ ಸುಮಾರು 129 ಮೆಗಾಪಾರ್ಸೆಕ್, ಅಂದರೆ 42 ಕೋಟಿ ಜ್ಯೋತಿರ್ವರ್ಷ. ಪಲ್ಲಟ 0.1 ದಾಟಿದರೆ ಈ ಸರಳ ಲೆಕ್ಕ ಸಡಿಲವಾಗುತ್ತದೆ. ತೀರಾ ಹತ್ತಿರದವೂ ಬೇಡ. ಗೆಲಾಕ್ಸಿಗಳ ಸ್ವಂತ ಓಡಾಟವೇ ಸೆಕೆಂಡಿಗೆ ಕೆಲವು ನೂರು ಕಿ.ಮೀ. ಇರುತ್ತದೆ. ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿದೆ, ಅದಕ್ಕೆ ಈ ಸೂತ್ರ ಹಾಕಿದರೆ ದೂರ ಋಣಸಂಖ್ಯೆ!

ಕೊನೆಗೆ ಅದೇ ಲೆಕ್ಕವನ್ನು ಹಬಲ್ ಸ್ಥಿರಾಂಕ 67ಕ್ಕೂ 73ಕ್ಕೂ ಮಾಡಿಸುತ್ತೇನೆ. 134 ಮತ್ತು 123 ಮೆಗಾಪಾರ್ಸೆಕ್ ಬರುತ್ತದೆ. ಆದಿ ವಿಶ್ವದ ಸೂಕ್ಷ್ಮತರಂಗ ಹಿನ್ನೆಲೆಯಿಂದ (ಆಗಿನಿಂದ ಉಳಿದಿರುವ ಮಂದ ವಿಕಿರಣ) ಪಡೆದ ಮೌಲ್ಯ 67ರ ಆಸುಪಾಸು, ಸೂಪರ್‌ನೋವಾ (ಸ್ಫೋಟಿಸುವ ನಕ್ಷತ್ರ) ಮತ್ತು ಸೆಫೀಡ್ (ಮಿಡಿಯುವ) ನಕ್ಷತ್ರಗಳಿಂದ ಪಡೆದದ್ದು 73ರ ಆಸುಪಾಸು. ಯಾವುದು ಸರಿ ಎಂದು ಕೇಳುತ್ತಾರೆ. ಖಗೋಳಜ್ಞರೂ ಅದನ್ನೇ ಕೇಳುತ್ತಿದ್ದಾರೆ.