ಕಕ್ಷೆಯಿಂದ ಕಡಲಿಗೆ: ವ್ಯೋಮನೌಕೆಯ ಮರುಪ್ರವೇಶವನ್ನು ಕಾಗದದ ಮೇಲೆ ಲೆಕ್ಕ ಹಾಕುವ ಬಗೆ

ಭೂಮಿಯನ್ನು ಸುತ್ತುತ್ತಿರುವ ನೌಕೆಯೊಂದು ಸುಟ್ಟುಹೋಗದಂತೆ ಕೆಳಗಿಳಿಯುವುದು ಹೇಗೆ ಎಂಬುದನ್ನು ಅರಿಯಲು ಪಿಯುಸಿ ಮಟ್ಟದ ಭೌತಶಾಸ್ತ್ರ, ಒಂದು ಕ್ಯಾಲ್ಕುಲೇಟರ್ ಮತ್ತು ನಿಜವಾಗಿ ನಡೆದ ಒಂದು ಉದಾಹರಣೆ ಇದ್ದರೆ ಸಾಕು. ಉದಾಹರಣೆಗೆ, ಕಕ್ಷೆಗೆ ಕಳಿಸಿದ ಕ್ಯಾಪ್ಸೂಲನ್ನು ಮರಳಿ ಪಡೆಯುವ ಪ್ರಯೋಗವಾಗಿದ್ದ ಇಸ್ರೊದ ಎಸ್‌ಆರ್‌ಇ-1 ಕ್ಯಾಪ್ಸೂಲನ್ನು ತೆಗೆದುಕೊಳ್ಳೋಣ. 550 ಕೆ.ಜಿ. ತೂಕದ ಈ ಕ್ಯಾಪ್ಸೂಲ್ 2007ರ ಜನವರಿ 10ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ7 ರಾಕೆಟ್‌ನಲ್ಲಿ ಮೇಲೇರಿ, ಜನವರಿ 22ರಂದು ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಅದನ್ನು ಇಳಿಸುವ ಕಾರ್ಯಾಚರಣೆ ನಡೆದದ್ದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ. ಇಳಿಕೆಯ ಮುಖ್ಯ ಅಂಕಿಗಳನ್ನು ಇಸ್ರೊ ಪ್ರಕಟಿಸಿರುವುದರಿಂದ ಅವನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡಬಹುದು.

ಮೊದಲು ಕಳೆಯಬೇಕಾದ ಶಕ್ತಿ ಎಷ್ಟೆಂದು ತಿಳಿಯಬೇಕು. 100 ಕಿ.ಮೀ. ಎತ್ತರದಲ್ಲಿ ಎಸ್‌ಆರ್‌ಇ-1ರ ವೇಗ ಸೆಕೆಂಡಿಗೆ 8 ಕಿ.ಮೀ. ಇತ್ತು. ವೇಗದ ವರ್ಗವನ್ನು ಎರಡರಿಂದ ಭಾಗಿಸಿದರೆ ಪ್ರತಿ ಕಿಲೋಗ್ರಾಮಿಗೆ 3.2 ಕೋಟಿ ಜೌಲ್ ಚಲನಶಕ್ತಿ ಬರುತ್ತದೆ; ಅಷ್ಟು ಎತ್ತರದಲ್ಲಿರುವ ಕಾರಣಕ್ಕೆ ಸಿಗುವ ಸ್ಥಿತಿಶಕ್ತಿ ಇದರ ಮೂವತ್ತರಲ್ಲೊಂದು ಪಾಲು ಮಾತ್ರ, ಅದನ್ನು ಸದ್ಯಕ್ಕೆ ಬಿಡಬಹುದು. ಇಡೀ ಕ್ಯಾಪ್ಸೂಲಿನ ಲೆಕ್ಕ ಹಿಡಿದರೆ ಒಟ್ಟು ಸುಮಾರು 4,900 ಯೂನಿಟ್ ವಿದ್ಯುತ್ತಿಗೆ ಸಮ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ ಎರಡು ವರ್ಷ ಸಾಲುವ ಈ ಶಕ್ತಿಯೆಲ್ಲ, ಕ್ಯಾಪ್ಸೂಲ್ 100 ಕಿ.ಮೀ. ಎತ್ತರಕ್ಕೆ ಬಂದ ಬೆಳಿಗ್ಗೆ 9.37ರಿಂದ ನೀರಿಗೆ ಬಿದ್ದ 9.46ರವರೆಗಿನ ಒಂಬತ್ತು ನಿಮಿಷಗಳಲ್ಲಿ ಕರಗಿಹೋಗಬೇಕಿತ್ತು.

ಇಷ್ಟು ವೇಗವನ್ನು ರಾಕೆಟ್ ಎಂಜಿನ್‌ನಿಂದಲೇ ತಗ್ಗಿಸಲು ಹೊರಟರೆ ಮೇಲೆ ಒಯ್ಯಲು ಬಳಸಿದಂಥದ್ದೇ ಇನ್ನೊಂದು ರಾಕೆಟ್ಟನ್ನು ಕಕ್ಷೆಗೆ ಹೊತ್ತೊಯ್ಯಬೇಕಾಗುತ್ತದೆ. ಆದ್ದರಿಂದ ಎಂಜಿನ್‌ಗೆ ಒಪ್ಪಿಸುವ ಕೆಲಸ ತೀರ ಸಣ್ಣದು: ಕಕ್ಷೆಯ ಆಚೆ ಬದಿಯನ್ನು ವಾಯುಮಂಡಲದೊಳಕ್ಕೆ ತಗ್ಗಿಸಿದರಾಯಿತು. ಕೆಳಮಟ್ಟದ ಕಕ್ಷೆಯಲ್ಲಿ ವೇಗವನ್ನು ಸೆಕೆಂಡಿಗೆ ಒಂದು ಮೀಟರ್ ಕಡಿಮೆ ಮಾಡಿದರೆ ಎದುರು ಬದಿಯ ಎತ್ತರ ಸುಮಾರು ಮೂರೂವರೆ ಕಿ.ಮೀ. ಇಳಿಯುತ್ತದೆ ಎಂಬ ಸೂತ್ರವನ್ನು ನೆನಪಿಟ್ಟುಕೊಳ್ಳಿ. 400 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯಿಂದ ಎದುರು ಬದಿಯನ್ನು 50 ಕಿ.ಮೀ.ಗೆ ತರಲು ಸೆಕೆಂಡಿಗೆ 100 ಮೀಟರ್ ಸಾಕು, ಅಂದರೆ ಇದ್ದ ವೇಗದ ಶೇ 1.3 ಮಾತ್ರ. ಎಸ್‌ಆರ್‌ಇ-1ರ ಕಕ್ಷೆಯನ್ನು ಜನವರಿ 19ರಂದೇ 485 ಮತ್ತು 639 ಕಿ.ಮೀ.ಗಳ ನಡುವಿನ ದೀರ್ಘವೃತ್ತಕ್ಕೆ ತರಲಾಗಿತ್ತು. 22ರ ಬೆಳಿಗ್ಗೆ 9ಕ್ಕೆ ಆರಂಭವಾದ ಇಳಿಕೆಯ ಉರಿತ 9.10ಕ್ಕೆ ಮುಗಿಯಿತು. ಆ ಹತ್ತು ನಿಮಿಷದ ಉರಿತ ವೇಗವನ್ನು ಕಳೆದದ್ದು ಅತ್ಯಲ್ಪವಾದರೂ, ಕ್ಯಾಪ್ಸೂಲ್ ಎಲ್ಲಿ ಮತ್ತು ಯಾವ ಕೋನದಲ್ಲಿ ಗಾಳಿಯನ್ನು ಹೊಗಬೇಕೆಂಬುದು ಅಲ್ಲಿಯೇ ತೀರ್ಮಾನವಾಯಿತು.

ಕೋನದ, ಅಂದರೆ ನೌಕೆಯ ಹಾದಿ ಅಡ್ಡಗೆರೆಯಿಂದ ಎಷ್ಟು ಕೆಳಕ್ಕೆ ಬಾಗಿದೆ ಎಂಬುದರ ಲೆಕ್ಕಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಒಳಗಿರುವ ಮನುಷ್ಯ ಬದುಕುವುದು ಇದರ ಮೇಲೆ ನಿಂತಿದೆ. ಅಮೆರಿಕದ ಏಮ್ಸ್ ಪ್ರಯೋಗಾಲಯದ ಜೂಲಿಯನ್ ಆಲನ್ ಮತ್ತು ಆಲ್ಫ್ರೆಡ್ ಎಗರ್ಸ್ 1950ರ ದಶಕದಲ್ಲಿ ಕೊಟ್ಟ ಸೂತ್ರ ಹೀಗಿದೆ: ಪ್ರವೇಶ ವೇಗದ ವರ್ಗವನ್ನು ಕೋನದ ಸೈನ್‌ನಿಂದ ಗುಣಿಸಿ, ಬಂದದ್ದನ್ನು 2, 2.718 ಮತ್ತು 7,000 ಮೀಟರ್ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಗರಿಷ್ಠ ವೇಗತಗ್ಗುವಿಕೆ ಸಿಗುತ್ತದೆ. ಇಲ್ಲಿ 7,000 ಮೀಟರ್ ಎಂಬುದು ಗಾಳಿಯ ಸಾಂದ್ರತೆ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಲು ಬೇಕಾದ ಎತ್ತರ. ಸೆಕೆಂಡಿಗೆ 7.8 ಕಿ.ಮೀ. ವೇಗ ಮತ್ತು 3 ಡಿಗ್ರಿ ಕೋನಕ್ಕೆ ಉತ್ತರ ಸುಮಾರು 8.5 ಜಿ (ಭೂಮಿಯ ಗುರುತ್ವದ ಎಂಟೂವರೆ ಪಟ್ಟು), ಕೋನವನ್ನು 6 ಡಿಗ್ರಿ ಮಾಡಿದರೆ 17 ಜಿ. ಈ ಸೂತ್ರದಲ್ಲಿ ನೌಕೆಯ ತೂಕವೂ ಇಲ್ಲ, ಆಕಾರವೂ ಇಲ್ಲ ಎಂಬುದನ್ನು ಗಮನಿಸಿ: ಅವು ಆ ಹೊಡೆತ ಯಾವ ಎತ್ತರದಲ್ಲಿ ಬೀಳುತ್ತದೆ ಎಂಬುದನ್ನು ಬದಲಿಸುತ್ತವೆಯೇ ಹೊರತು ಹೊಡೆತದ ಬಲವನ್ನಲ್ಲ. ಆದರೆ ಕೋನ ಎರಡು ಮೂರು ಡಿಗ್ರಿಗಿಂತ ಕಡಿಮೆಯಾದಾಗ ಸೂತ್ರವನ್ನು ನಂಬಬೇಡಿ. ಕಲ್ಲಿನಂತೆ ಬೀಳುವ ಕ್ಯಾಪ್ಸೂಲಿಗೆ ಎಷ್ಟೇ ಓರೆಯಾಗಿ ಬಂದರೂ ಸುಮಾರು 8 ಜಿ ತಪ್ಪುವುದಿಲ್ಲ.

ಅದನ್ನು ತಗ್ಗಿಸಬೇಕಾದರೆ ಗಾಳಿಯಿಂದ ಸ್ವಲ್ಪ ಎತ್ತುಬಲ ಪಡೆಯಬೇಕು. ರಷ್ಯಾದ ಸೊಯೂಜ್ ನೌಕೆ ತನ್ನ ಭಾರಕೇಂದ್ರವನ್ನು ನಡುವಿನಿಂದ ಕೊಂಚ ಸರಿಸಿಟ್ಟುಕೊಂಡು, ಓರೆಯಾಗಿ ಹಾರಿ, 4ರಿಂದ 5 ಜಿಯಲ್ಲಿ ಇಳಿಯುತ್ತದೆ. 2008ರ ಏಪ್ರಿಲ್‌ನಲ್ಲಿ ಸೊಯೂಜ್ ಟಿಎಂಎ-11ರ ಒಂದು ಭಾಗ ಸಮಯಕ್ಕೆ ಸರಿಯಾಗಿ ಕಳಚಿಕೊಳ್ಳದೆ ನೌಕೆ ಎತ್ತುಬಲವಿಲ್ಲದ ಹಾದಿಗೆ ಬಿದ್ದಾಗ, ಮೂವರು ಯಾನಿಗಳು 8 ಜಿಗೂ ಹೆಚ್ಚು ಒತ್ತಡ ಅನುಭವಿಸಿದರು ಮತ್ತು ಗುರಿಗಿಂತ 400 ಕಿ.ಮೀ.ಗೂ ಹೆಚ್ಚು ಹಿಂದೆಯೇ ಇಳಿದರು. ಇನ್ನು, ಕೋನ ಕಡಿಮೆಯಾದರೆ ನೌಕೆ ಪುಟಿದು ಬಾಹ್ಯಾಕಾಶದಲ್ಲಿ ಶಾಶ್ವತವಾಗಿ ಕಳೆದುಹೋಗುತ್ತದೆ ಎಂಬ ಜನಪ್ರಿಯ ಮಾತು ಕೆಳಕಕ್ಷೆಗೆ ಅನ್ವಯಿಸುವುದಿಲ್ಲ. ವಿಮೋಚನಾ ವೇಗ, ಅಂದರೆ ಭೂಮಿಯ ಸೆಳೆತದಿಂದ ಪಾರಾಗುವಷ್ಟು ವೇಗ ಇಲ್ಲದ ನೌಕೆ ಹೇಗೂ ಮರಳಿ ಬರುತ್ತದೆ. ಬರುವ ಜಾಗ ಮಾತ್ರ ನಮ್ಮ ಕೈಯಲ್ಲಿರುವುದಿಲ್ಲ, ಶಾಖವನ್ನು ತಡೆದುಕೊಳ್ಳಬೇಕಾದ ಅವಧಿಯೂ ಉದ್ದವಾಗುತ್ತದೆ.

ಶಾಖದ ವಿಷಯದಲ್ಲಿ ಮೊದಲು ಒಂದು ತಪ್ಪುಕಲ್ಪನೆಯನ್ನು ಬದಿಗಿಡಿ. ನೌಕೆಯ ಮುಂದಿನ ಗಾಳಿ ಕಾಯುವುದು ಮುಖ್ಯವಾಗಿ ಉಜ್ಜಾಟದಿಂದಲ್ಲ. ಪಕ್ಕಕ್ಕೆ ಸರಿಯಲು ಸಮಯ ಸಿಗದೆ ಹಠಾತ್ತನೆ ಒತ್ತಿಹೋಗುವುದರಿಂದ. ಹೀಗೆ ಗಾಳಿ ಹಠಾತ್ತನೆ ಒತ್ತಿಹೋಗುವ ತೆಳು ಪದರವೇ ಆಘಾತ ತರಂಗ; ಚೂಪು ಮೂತಿಯ ಮೇಲೆ ಅದು ಅಂಟಿಕೊಂಡೇ ಇರುತ್ತದೆ. ಮೊಂಡು ಮೂತಿಯಾದರೆ ಅದು ಮುಂದಕ್ಕೆ ದೂರ ನಿಂತು, ಕಾದ ಅನಿಲದ ಬಹುಪಾಲು ಕ್ಯಾಪ್ಸೂಲನ್ನು ಮುಟ್ಟದೆ ಸುತ್ತ ಹರಿದುಹೋಗುತ್ತದೆ. ಆಲನ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡ ಈ ಸಂಗತಿಯೇ ಇಂದಿನ ಎಲ್ಲ ಕ್ಯಾಪ್ಸೂಲುಗಳ ದುಂಡು ಮುಖಕ್ಕೆ ಕಾರಣ. ಮೂತಿಗೆ ತಗಲುವ ಶಾಖದ ದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಮೂತಿಯ ತ್ರಿಜ್ಯದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ತ್ರಿಜ್ಯ ನಾಲ್ಕು ಪಟ್ಟಾದರೆ ದರ ಅರ್ಧವಾಗುತ್ತದೆ. ಚಂದ್ರನಿಂದ ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ ಮರಳುವ ನೌಕೆಗೆ ಎಸ್‌ಆರ್‌ಇ-1ರ ಸುಮಾರು 2.6 ಪಟ್ಟು ದರ ಬರುತ್ತದೆ.

ಅಷ್ಟಾದರೂ ಒಳಬರುವ ಶಾಖಕ್ಕೆ ಕವಚ ಬೇಕೇ ಬೇಕು. ಎಸ್‌ಆರ್‌ಇ-1ರ ಹೊರಮೈಗೆ ಕಾರ್ಬನ್ ಫಿನಾಲಿಕ್ ಮತ್ತು ಸಿಲಿಕಾ ಬಿಲ್ಲೆಗಳ ರಕ್ಷಣೆ ಇತ್ತು. ಮೊದಲನೆಯದು ತಾನೇ ಕರಿಕಾಗಿ ಸವೆಯುತ್ತ, ಹೊರಬಿಡುವ ಅನಿಲದ ಜೊತೆಗೆ ಶಾಖವನ್ನೂ ಸಾಗಿಸಿಬಿಡುತ್ತದೆ. ಎರಡನೆಯದು ಸವೆಯದೆ ಶಾಖವನ್ನು ಒಳಕ್ಕೆ ಬಿಡದೆ ಹಿಡಿಯುತ್ತದೆ. ಕವಚದ ಸರಾಸರಿ ದಪ್ಪಕ್ಕಿಂತ ಅದರ ಅತ್ಯಂತ ದುರ್ಬಲ ಜಾಗವೇ ಮುಖ್ಯ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಸಾಕ್ಷಿ. ಉಡಾವಣೆಯಾಗಿ 82 ಸೆಕೆಂಡಿಗೆ ಬಡಿದ ನೊರೆತುಂಡು ಎಡರೆಕ್ಕೆಯ ಮುಂಚೂಣಿಯಲ್ಲಿ ಮಾಡಿದ ತೂತಿನಿಂದ 2003ರ ಫೆಬ್ರುವರಿ 1ರಂದು ಬಿಸಿ ಅನಿಲ ಒಳನುಗ್ಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮಡಿದರು.

ಉಳಿದದ್ದು ಪ್ಯಾರಾಚೂಟಿನ ಕೆಲಸ. 5 ಕಿ.ಮೀ. ಎತ್ತರಕ್ಕೆ ಬರುವಷ್ಟರಲ್ಲಿ ಎಸ್‌ಆರ್‌ಇ-1ರ ವೇಗ ಸೆಕೆಂಡಿಗೆ 101 ಮೀಟರಿಗೆ ಇಳಿದಿತ್ತು. ಈ ವೇಗದ ಚಲನಶಕ್ತಿಯನ್ನು ಲೆಕ್ಕ ಹಾಕಿದರೆ ಆರಂಭದ ಶಕ್ತಿಯ ಆರು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಬರುತ್ತದೆ. ಮೊದಲ ಸಣ್ಣ ಪ್ಯಾರಾಚೂಟುಗಳು ವೇಗವನ್ನು ಸೆಕೆಂಡಿಗೆ 47 ಮೀಟರಿಗೆ ತಂದವು, ಸುಮಾರು 2 ಕಿ.ಮೀ. ಎತ್ತರದಲ್ಲಿ ಮುಖ್ಯ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಕ್ಯಾಪ್ಸೂಲ್ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ನೀರಿಗೆ ಬಿತ್ತು. ತೇಲಿಸುವ ವ್ಯವಸ್ಥೆ ಕೂಡಲೇ ತೆರೆದುಕೊಂಡದ್ದರಿಂದ ಅದು ಮುಳುಗದೆ, ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯ ನೆರವಿನಿಂದ ದಡ ಸೇರಿತು.