ಶನಿವಾರ ರಾತ್ರಿಯ ಬಯಲಾಟ: ಬೆಳಗಿನವರೆಗೆ ಕೂತು ನೋಡುವುದು ಹೇಗೆ?

ಕರಾವಳಿಯವರು ‘ಯಕ್ಷಗಾನ ಪ್ರದರ್ಶನ’ ಎನ್ನುವುದು ಕಡಿಮೆ. ಅವರಿಗೆ ಅದು ಬರೀ ‘ಆಟ’. ದೀಪಾವಳಿ ಕಳೆದ ಮೇಲೆ ಮೇಳಗಳು (ಆಟದ ತಂಡಗಳು) ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟರೆ, ಮೇ ಕೊನೆಯ ವಾರದ ಪತ್ತನಾಜೆ ಎಂಬ ತುಳು ಆಚರಣೆಯ ದಿನದವರೆಗೆ ಯಾವುದಾದರೊಂದು ಊರಿನ ಗದ್ದೆಯಲ್ಲಿ ದಿನಾ ಚೆಂಡೆ ಕೇಳುತ್ತದೆ. ಬೆಂಗಳೂರು, ಮೈಸೂರು ಕಡೆಯಿಂದ ಹೋಗುವವರು ಹೆಚ್ಚಾಗಿ ಒಂದೇ ತಪ್ಪು ಮಾಡುತ್ತಾರೆ. ರಾತ್ರಿ ಹತ್ತಕ್ಕೆ ಬಂದು, ಹನ್ನೊಂದೂವರೆಗೆ ತೂಕಡಿಸಿ, ಹನ್ನೆರಡಕ್ಕೆ ಎದ್ದು ಹೋಗುತ್ತಾರೆ. ಆಟಕ್ಕೆ ಕಾವೇರುವುದೇ ಆಮೇಲೆ.

ಮೇಳ, ದಿನ, ಸಮಯ

ಮೊದಲು ತಿಟ್ಟು, ಅಂದರೆ ಆಟದ ಶೈಲಿ, ಆರಿಸಿಕೊಳ್ಳಿ. ಮಂಗಳೂರು, ಕಾಸರಗೋಡು ಕಡೆಯದು ತೆಂಕುತಿಟ್ಟು: ಹೆಗಲಿಗೆ ನೇತುಹಾಕಿ ನಿಂತು ಬಾರಿಸುವ ಚೆಂಡೆ, ಕಿರೀಟ, ಮುಖ ತುಂಬ ಚುಟ್ಟಿ (ಹಿಟ್ಟಿನ ಚುಕ್ಕಿ) ಇಟ್ಟ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು: ಓರೆಯಾಗಿ ಇಟ್ಟು ಕೂತು ಬಾರಿಸುವ ಚಂಡೆ, ತಲೆಗೆ ಕಟ್ಟುವ ಕೇದಗೆ ಮುಂದಲೆ, ನಯವಾದ ಕುಣಿತ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮಕ್ಕಳು ಜೊತೆಗಿದ್ದರೆ, ಕಟೀಲು ಮೇಳದ ‘ದೇವಿ ಮಹಾತ್ಮೆ’ಯೇ ಸುಲಭ. ಕಥೆ ಗೊತ್ತಿರುತ್ತದೆ, ಮಾತು ಅರ್ಥವಾಗದಿದ್ದರೂ ಕಣ್ಣಿಗೆ ಕೆಲಸವಿರುತ್ತದೆ. ಬಡಗು ಬೇಕೆಂದರೆ ಮಂದಾರ್ತಿ ಮೇಳ ವಿಚಾರಿಸಿ. ಇವೆಲ್ಲ ಹರಕೆಯಾಟಗಳು, ಖರ್ಚು ಸೇವೆ ಆಡಿಸುವ ಮನೆಯವರದ್ದು, ನೋಡುವವರಿಗೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಡ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳಿಗೆ ಮಾತ್ರ ಟಿಕೆಟ್ ಕೊಳ್ಳಬೇಕು.

ಆಟ ಎಲ್ಲಿದೆ ಎಂದು ಕರಾವಳಿಯ ದಿನಪತ್ರಿಕೆಗಳಲ್ಲಿ ನಿತ್ಯ ಪಟ್ಟಿ ಬರುತ್ತದೆ. ಒಂದೇ ದೇವಸ್ಥಾನದ ಹೆಸರಲ್ಲಿ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರಲ್ಲಿ ಆಡುತ್ತಿರುತ್ತವೆ. ಹಾಗಾಗಿ ‘ಕಟೀಲು ಮೇಳ’ ಎಂದಷ್ಟೇ ಕೇಳಿದರೆ ದಾರಿ ತಪ್ಪುವುದು ಖಂಡಿತ. ಎಷ್ಟನೇ ಮೇಳ, ಯಾವ ಊರು, ಯಾರ ಮನೆಯ ಸೇವೆ, ಈ ಮೂರನ್ನೂ ಬರೆದುಕೊಳ್ಳಿ. ಮ್ಯಾಪ್ ಊರಿನವರೆಗೆ ತಲುಪಿಸುತ್ತದೆ, ಗದ್ದೆಯವರೆಗೆ ಅಲ್ಲ.

ಇಡೀ ರಾತ್ರಿಯ ಆಟವೋ ಕಾಲಮಿತಿಯದೋ ಎಂದು ಕೇಳುವುದನ್ನು ಮರೆಯಬೇಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಜೊತೆಗೆ ನಿದ್ದೆಗೆಡಲು ಒಲ್ಲದ ಪ್ರೇಕ್ಷಕರೂ ಹೆಚ್ಚಿದ್ದಾರೆ. ಹಾಗಾಗಿ ಅನೇಕ ಆಟಗಳು ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುತ್ತವೆ. ಅಂಥ ಆಟಕ್ಕೆ ಹತ್ತು ಗಂಟೆಗೆ ಹೋದರೆ ಅರ್ಧ ಕಥೆ ಮುಗಿದಿರುತ್ತದೆ.

ಹೊರಡುವ ದಿನ

ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸು ಅಥವಾ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಶನಿವಾರ ಬೆಳಗ್ಗೆ ಉಡುಪಿ. ಹಗಲು ದೇವಸ್ಥಾನ, ಬೀಚು ಎಂದು ಸುತ್ತಿದರೆ ರಾತ್ರಿ ಆಟ ನಿಮ್ಮ ಪಾಲಿಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೂರು ಗಂಟೆ ನಿದ್ದೆ ಮಾಡಿ.

ಚೀಲದಲ್ಲಿ ಒಂದು ಚಾಪೆ, ತಲಾ ಒಂದು ಶಾಲು, ತಲೆಗೆ ಟೋಪಿ, ಒಂದು ಲೀಟರ್ ನೀರು, ಟಾರ್ಚು, ಹತ್ತಿಪ್ಪತ್ತರ ಚಿಲ್ಲರೆ ಇರಲಿ. ಕರಾವಳಿಯಲ್ಲಿ ಚಳಿ ಎಲ್ಲಿಂದ ಎನ್ನಬೇಡಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಎರಡರ ಮೇಲೆ ಇಬ್ಬನಿ ತಲೆಗೇ ಬೀಳುತ್ತದೆ. ಕೊಯ್ಲಾದ ಗದ್ದೆಯ ಕೂಳೆ ಕಾಲಿಗೆ ಚುಚ್ಚುವುದರಿಂದ ಮುಂಗಾಲು ಮುಚ್ಚುವ ಚಪ್ಪಲಿ ಒಳ್ಳೆಯದು.

ಚೌಕಿಯಿಂದ ರಂಗಸ್ಥಳಕ್ಕೆ

ಆಟಕ್ಕಿಂತ ಎರಡು ಗಂಟೆ ಮೊದಲು ತಲುಪಿ ಚೌಕಿಗೆ ಹೋಗಿ. ಕಲಾವಿದರು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವ ಜಾಗ ಅದು. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯಲ್ಲಿ ಒಂದೊಂದೇ ಚುಕ್ಕಿಯಾಗಿ ಇಟ್ಟು, ಅದು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು ಇಡುತ್ತಾರೆ. ಇದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಾತಾಡಿಸಬೇಡಿ: ನಕ್ಕರೆ, ಬಾಯಿ ಅಗಲಿಸಿದರೆ ಹಸಿ ಚುಟ್ಟಿ ಬಿರುಕು ಬಿಡುತ್ತದೆ. ಚಪ್ಪಲಿ ಹೊರಗೆ ಬಿಡಿ. ಕಿರೀಟ ಮುಟ್ಟುವುದು, ಗೆಜ್ಜೆ ದಾಟುವುದು, ಫ್ಲ್ಯಾಶ್ ಹೊಡೆಯುವುದು ಬೇಡ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ ಪ್ರಸಾದ ಹಂಚಿದ ಮೇಲೆ ಹಾಡಿ ಬಾರಿಸುವ ಹಿಮ್ಮೇಳ ರಂಗಸ್ಥಳಕ್ಕೆ ಹೊರಡುತ್ತದೆ.

ಹರಕೆಯಾಟದಲ್ಲಿ ಬಂದವರಿಗೆಲ್ಲ ಊಟವಿರುವುದು ವಾಡಿಕೆ. ಸಂಕೋಚ ಬೇಡ, ಆದರೆ ಅರ್ಧ ಹೊಟ್ಟೆಗೆ ಉಣ್ಣಿ. ಎರಡನೇ ಸಲ ಪಾಯಸ ಹಾಕಿಸಿಕೊಂಡವರು ಹನ್ನೊಂದಕ್ಕೇ ಗೊರಕೆ ಹೊಡೆಯುತ್ತಾರೆ.

ಕೂರಲು ಐದರಿಂದ ಎಂಟನೇ ಸಾಲು ಸರಿ. ಮುಂದಿನ ಸಾಲಿನಲ್ಲಿ ಕುತ್ತಿಗೆ ಎತ್ತಿ ನೋಡಬೇಕು, ಬದಿಯಲ್ಲಿ ಸ್ಪೀಕರಿನ ಚೆಂಡೆ ಕಿವಿ ತೂತು ಮಾಡುತ್ತದೆ, ಹಾಡುವ ಭಾಗವತರ ಪದವೂ ಅದರಲ್ಲಿ ಮುಚ್ಚಿಹೋಗುತ್ತದೆ. ‘ದೇವಿ ಮಹಾತ್ಮೆ’ಯಾದರೆ ನಡುದಾರಿಯ ಅಂಚಿನಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಬೇಡಿ. ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ, ದೊಂದಿಗಳ ನಡುವೆ ಅಬ್ಬರಿಸುತ್ತ ಬರುವುದು ಅದೇ ದಾರಿಯಲ್ಲಿ. ದೊಂದಿಗೆ ರಾಳದ ಪುಡಿ ಎರಚಿದರೆ ಬೆಂಕಿ ಭುಗ್ಗೆನ್ನುತ್ತದೆ. ನೈಲಾನ್ ದುಪಟ್ಟಾ, ಸೀರೆ ಸೆರಗು ಒಳಗೆ ಸೇರಿಸಿಕೊಳ್ಳಿ. ಮಗು ಹೆದರಿ ಅತ್ತರೆ ಗಾಬರಿ ಬೇಡ. ಅಲ್ಲಿ ಹತ್ತಾರು ಮಕ್ಕಳು ಅಳುತ್ತಿರುತ್ತವೆ.

ಯಾವಾಗ ನಿದ್ದೆ, ಯಾವಾಗ ಎಚ್ಚರ

ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಪೂರ್ವರಂಗ, ಅಂದರೆ ಕಥೆಗೆ ಮೊದಲಿನ ಕುಣಿತ, ಕಲಿಯುವ ಹುಡುಗರದ್ದು. ಊಟ ಮುಗಿಸಿ ಬರಲು ಅದೇ ಬಿಡುವು. ‘ದೇವಿ ಮಹಾತ್ಮೆ’ಯಲ್ಲಿ ಮಧು-ಕೈಟಭರಿಂದ ಕೂತು ನೋಡಿ. ಇಡೀ ರಾತ್ರಿಯ ಆಟದಲ್ಲಿ ಮಹಿಷಾಸುರನ ಪ್ರವೇಶ ಹೆಚ್ಚುಕಡಿಮೆ ನಡುರಾತ್ರಿಗೆ. ಮಹಿಷ ಸತ್ತ ಮೇಲೆ ಅರ್ಧ ಗದ್ದೆ ಖಾಲಿಯಾಗುತ್ತದೆ. ಹೋಗುವವರು ಹೋಗಲಿ, ನೀವು ಮುಂದೆ ಸರಿದು ಕೂರಿ. ಆಮೇಲಿನ ಹೊತ್ತಿನಲ್ಲಿ ಚಾಪೆ ಹಾಸಿ ಒಂದು ಗಂಟೆ ಮಲಗಬಹುದು, ಅದು ಕಲಾವಿದರಿಗೆ ಅವಮಾನವಲ್ಲ. ‘ರಕ್ತಬೀಜ ಬರುವಾಗ ಎಬ್ಬಿಸಿ ಅಣ್ಣ’ ಎಂದು ಪಕ್ಕದವರಿಗೆ ಹೇಳಿದರೆ ಎಬ್ಬಿಸುತ್ತಾರೆ. ಬೆಳಗಿನ ಜಾವಕ್ಕೆ ಬರುವ ರಕ್ತಬೀಜನ ಮಾತುಗಾರಿಕೆಯನ್ನು ತಪ್ಪಿಸಿಕೊಂಡರೆ ಅಷ್ಟು ದೂರ ಬಂದದ್ದು ಅರ್ಧ ದಂಡ. ಪದ ಪ್ರಸಂಗದ್ದಾದರೂ (ಬರೆದಿಟ್ಟ ಕಥೆಯದ್ದಾದರೂ) ಅರ್ಥ, ಅಂದರೆ ಪಾತ್ರದ ಮಾತು, ಆಯಾ ರಾತ್ರಿ ಕಲಾವಿದ ಕಟ್ಟಿ ಆಡುವುದು, ಹೀಗಾಗಿ ಅದು ಎರಡು ಆಟದಲ್ಲಿ ಒಂದೇ ಥರ ಇರುವುದಿಲ್ಲ.

ನಿದ್ದೆ ಎಳೆದರೆ ಎದ್ದು ಗದ್ದೆಯಂಚಿನ ಅಂಗಡಿಗೆ ಹೋಗಿ ಚರುಮುರಿ, ಗೋಳಿಬಜೆ ತಿಂದು ಚಹಾ ಕುಡಿಯಿರಿ. ಯುಪಿಐ ನಂಬಬೇಡಿ, ಸಿಗ್ನಲ್ ಇರುವುದಿಲ್ಲ.

ಮಳೆಗಾಲದಲ್ಲಿ ಇದೆಲ್ಲ ಇಲ್ಲ. ಆಗ ಮೇಳಗಳ ಕಲಾವಿದರು ಬೆಂಗಳೂರಿಗೇ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಂಥ ಕಡೆ ಟಿಕೆಟ್ ಇಟ್ಟು ಆಡುತ್ತಾರೆ. ಪದ, ಕುಣಿತಕ್ಕೆ ಕೊರತೆಯಿಲ್ಲ, ಇಬ್ಬನಿ ಮಾತ್ರ ಸಿಗುವುದಿಲ್ಲ.

ಮಂಗಳ ಹಾಡಿದ ಮೇಲೆ ಕಾರು ಹತ್ತಿ ಸೀದಾ ಶಿರಾಡಿ ಘಾಟಿ ಏರಬೇಡಿ. ರೂಮಿಗೆ ಹೋಗಿ ನಾಲ್ಕು ಗಂಟೆ ಮಲಗಿ, ಊಟ ಮಾಡಿ ಹೊರಡಿ.