ಹಿಮ ಬಿಟ್ಟೆ, ರೊಟ್ಟಿ ಹಿಡಿದೆ: ‘ಪೋಕರ್ ಫ್ಲ್ಯಾಟ್’ ಕಥೆಯನ್ನು ರಂಗಕ್ಕೆ ತಂದ ನನ್ನ ಅನುಭವ

ಅಮೆರಿಕದ ಕಥೆಗಾರ ಬ್ರೆಟ್ ಹಾರ್ಟ್‌ನ ‘ದಿ ಔಟ್‌ಕಾಸ್ಟ್ಸ್ ಆಫ್ ಪೋಕರ್ ಫ್ಲ್ಯಾಟ್’ ಧಾರವಾಡದ ನಮ್ಮ ಸಣ್ಣ ತಂಡಕ್ಕೆ ಮೂರನೇ ಸಲಕ್ಕೆ ಒಲಿಯಿತು. ಮೊದಲ ಎರಡು ಸಲ ದುಡ್ಡೂ ಹೋಯಿತು, ಹೆಸರೂ ಹೋಯಿತು. ಈಗ ಆರು ಪ್ರಯೋಗ ಆಗಿವೆ, ಒಂದರಲ್ಲೂ ಜನ ನಡುವೆ ಎದ್ದು ಹೋಗಿಲ್ಲ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿಯಾಗಿದ್ದಕ್ಕೆ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1850ರ ನವೆಂಬರ್ 23. ಕ್ಯಾಲಿಫೋರ್ನಿಯಾದ ಒಂದು ಚಿನ್ನದ ಗಣಿ ಊರು. ಊರು ಶುದ್ಧ ಮಾಡಲು ಹೊರಟವರು ನಾಲ್ವರನ್ನು ಗಡಿ ದಾಟಿಸುತ್ತಾರೆ. ಜೂಜುಗಾರ ಓಕ್‌ಹರ್ಸ್ಟ್, ‘ಡಚೆಸ್’ ಅನ್ನುವ ಹೆಣ್ಣು, ಶಿಪ್ಟನ್ ಅವ್ವ, ಕುಡುಕ ಬಿಲ್ಲಿ ಮಾಮ. ದಾರಿಯಲ್ಲಿ ಓಡಿಬಂದ ಜೋಡಿ ಟಾಮ್ ಮತ್ತು ಪೈನಿ ಸಿಗುತ್ತಾರೆ. ರಾತ್ರಿ ಬಿಲ್ಲಿ ಹೇಸರಗತ್ತೆಗಳನ್ನು ಕದ್ದು ಓಡುತ್ತಾನೆ. ಬೆಳಗಾದರೆ ಹಿಮ. ಸೂರಿಲ್ಲದ ಮರದ ಗುಡಿಸಲು, ಹಿಡಿತದಲ್ಲಿ ತಿಂದರೆ ಹತ್ತು ದಿನಕ್ಕಾಗುವಷ್ಟು ಊಟ. ಅಷ್ಟೇ.

ನನ್ನ ಮೊದಲ ತಪ್ಪು ಸಿನಿಮಾ ನೋಡಿಕೊಂಡು ಹೊರಟಿದ್ದು. ಜಾನ್ ಫೋರ್ಡ್ 1919ರಲ್ಲಿ ಮಾಡಿದ ಮೂಕಿ ಚಿತ್ರ ಕಳೆದೇ ಹೋಗಿದೆ. 1937ರದ್ದು ಹಾರ್ಟ್‌ನದೇ ‘ರೋರಿಂಗ್ ಕ್ಯಾಂಪ್’ ಕಥೆಯನ್ನೂ ಇದಕ್ಕೆ ಬೆರೆಸಿಕೊಂಡಿದೆ. 1952ರದ್ದರಲ್ಲಿ ನಟಿ ಆ್ಯನ್ ಬ್ಯಾಕ್ಸ್‌ಟರ್ ಇದ್ದಾಳೆ, ಕಥೆಯಲ್ಲಿಲ್ಲದ ಬ್ಯಾಂಕ್ ದರೋಡೆಯೂ ಇದೆ. ಬರೀ ಹಸಿವಿನ ಕಥೆ ಪರದೆಗೆ ಸಾಲದು ಅಂತ ಅವರಿಗೆ ಅನಿಸಿರಬೇಕು. ನಾನೂ ಹಾಗೇ ಅಂದುಕೊಂಡು ಮೊದಲ ಇಪ್ಪತ್ತು ನಿಮಿಷ ಗುಂಡಿನ ಕಾಳಗ ಇಟ್ಟೆ. ಗುಡಿಸಲು ಬರುವ ಹೊತ್ತಿಗೆ ಜನರ ಗಮನ ಮುಗಿದಿತ್ತು.

ಎರಡನೇ ಸಲ ಹಿಮದ ಹುಚ್ಚು. ಥರ್ಮಾಕೋಲ್ ಕಾಳು, ಬಾಡಿಗೆಗೆ ಬ್ಲೋವರ್, ಬಿಳಿ ಪರದೆ. ಎಲ್ಲಾ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು ಅಂತ ನೆನಪು. ಏಪ್ರಿಲ್ ಸೆಕೆ ಬೇರೆ. ಬೆವರಿದ ಮುಖಕ್ಕೆ ಕಾಳು ಅಂಟಿಕೊಂಡು ಡಚೆಸ್ ಮಾತಾಡಲು ಬಾಯಿ ತೆರೆದರೆ ಒಳಗೇ ಹೋಯಿತು. ಟಿಕೆಟ್‌ನಿಂದ ಬಂದಿದ್ದು ಒಂಬತ್ತು ಸಾವಿರ ಇದ್ದೀತು. ಉಳಿದದ್ದು ನನ್ನ ಜೇಬಿನಿಂದ. ಕಥೆಗೆ ರಾಯಲ್ಟಿ ಕಾಟವಿಲ್ಲ, ಹಾರ್ಟ್ 1902ರಲ್ಲೇ ತೀರಿಕೊಂಡ. ಅದೊಂದೇ ಉಳಿತಾಯ.

ಮೂರನೇ ಸಲ ಹಿಮ ಬೇಡ ಅಂದಾಗ ನಮ್ಮ ಹಿರಿಯರೊಬ್ಬರು ಸಿಟ್ಟಾದರು. “ತಮ್ಮಾ, ಬರ್ಫ ತೋರ್ಸದ ಈ ಕಥಿ ಹೆಂಗ ನಿಲ್ತೈತಿ? ಮಲೆನಾಡಿನ ಮಳಿಗೆ ತಂದ್ಬಿಡು,” ಅಂದರು. ನಾನು ಒಪ್ಪಲಿಲ್ಲ. ಮಳೆಯಲ್ಲಿ ಎಷ್ಟೇ ಕಷ್ಟವಾದರೂ ಜನ ನಡೆದು ಹೋಗುತ್ತಾರೆ. ಎದೆಮಟ್ಟ ಹಿಮದಲ್ಲಿ ಆಗೋದಿಲ್ಲ. ಕಥೆ ಕ್ಯಾಲಿಫೋರ್ನಿಯಾದ ಬೆಟ್ಟದಲ್ಲೇ ಇರಲಿ, ಆದರೆ ಜನ ಹಿಮ ನೋಡುವುದು ಬೇಡ, ಊಟ ಎಣಿಸಲಿ ಅಂತ ತೀರ್ಮಾನಿಸಿದೆ.

ರಂಗದ ನಡುವೆ ಒಂದೇ ಒಂದು ಗೋಣಿಚೀಲ. ಪ್ರತಿ ದೃಶ್ಯದ ಶುರುವಿಗೆ ಓಕ್‌ಹರ್ಸ್ಟ್ ಅದರ ಬಾಯಿ ಬಿಚ್ಚಿ ಪಾಲು ಹಂಚುತ್ತಾನೆ. ಚೀಲ ಕುಗ್ಗುತ್ತಾ ಬರುತ್ತದೆ. ಗುಡಿಸಲಿನ ಸುತ್ತ ಹಳೇ ಬಿಳಿ ಪಂಚೆಗಳನ್ನು ಹೊಲಿದು ಕಟ್ಟಿದ್ದೇವೆ, ದೃಶ್ಯಕ್ಕೊಂದು ಗೇಣು ಮೇಲೇರುತ್ತದೆ. ಹಿಮದ ಮೇಲೆ ಕಾಲಿಟ್ಟಾಗ ಬರುವ ಕರಕರ ಸದ್ದಿಗೆ ಸೈಡ್‌ವಿಂಗ್‌ನಲ್ಲಿ ಒಬ್ಬ ಬಟ್ಟೆಚೀಲ ಹಿಸುಕುತ್ತಾನೆ. ಒಳಗೆ ಏನಿದೆ ಅಂತ ಮಾತ್ರ ಹೇಳೋದಿಲ್ಲ. ಅದನ್ನು ಕಂಡುಕೊಳ್ಳಲು ನಮಗೆ ಎರಡು ತಿಂಗಳು ಹಿಡಿದಿದೆ.

ಎಲ್ಲಕ್ಕಿಂತ ಮುಖ್ಯ ಶಿಪ್ಟನ್ ಅವ್ವನ ಗಂಟು. ಸಾಯುವ ಹೊತ್ತಿಗೆ ತಲೆದಿಂಬಿನ ಗಂಟು ಬಿಚ್ಚು ಅನ್ನುತ್ತಾಳೆ. ಒಳಗೆ ಒಂದು ವಾರದ ಅವಳ ಪಾಲು ಹಾಗೇ ಇದೆ. ಆ ಮಗುವಿಗೆ ಕೊಡು ಅಂತ ಮಲಗಿರುವ ಪೈನಿಯನ್ನು ತೋರಿಸುತ್ತಾಳೆ. ಮೊದಲು ಗಂಟಿನಲ್ಲಿ ಹಳೇ ಪೇಪರ್ ತುರುಕಿದ್ದೆವು, ಮುಂದಿನ ಸಾಲಿನವರಿಗೆ ಕಂಡುಬಿಟ್ಟಿತು. ಆಮೇಲೆ ಬನ್ ಇಟ್ಟೆವು, ಸದ್ದೇ ಇಲ್ಲ. ಒಂದು ದಿನ ತಾಲೀಮಿಗೆ ನಮ್ಮವ್ವ ಬುತ್ತಿ ಕಟ್ಟಿದ್ದ ಜೋಳದ ಕಟಕ ರೊಟ್ಟಿ ಹಲಗೆ ಮೇಲೆ ಜಾರಿ ಬಿತ್ತು. ಟಕ್ ಅಂತ ಬಂದ ಸದ್ದು ಹಿಂದಿನ ಗೋಡೆವರೆಗೂ ಹೋಯಿತು. ಅವತ್ತೇ ತೀರ್ಮಾನ ಆಯಿತು. ಓಕ್‌ಹರ್ಸ್ಟ್ ಒಂದೊಂದಾಗಿ ಏಳು ರೊಟ್ಟಿ ಹಲಗೆ ಮೇಲೆ ಇಡುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ನಾಲ್ಕನೆಯದು ಬೀಳುವಾಗ ಸಭೆಯಲ್ಲಿ ಯಾರೂ ಕೆಮ್ಮೋದಿಲ್ಲ.

ಕಥೆಯಲ್ಲಿ ಪೈನಿ ನುಡಿಸುವ ಅಕಾರ್ಡಿಯನ್‌ಗೆ ಬದಲಾಗಿ ಹಾರ್ಮೋನಿಯಂ ನುಡಿಸಿ ನೋಡಿದೆವು. ಸದ್ದು ಹೊಂದಿತು, ಆದರೆ ನೋಡಿದವರಿಗೆ ಭಜನೆ ನೆನಪಾಯಿತು. ಈಗ ಪೆಟ್ಟಿಗೆಯನ್ನು ಕತ್ತಲಲ್ಲಿ ಇಡುತ್ತೇವೆ. ಟಾಮ್ ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯ ಹೇಳುವಾಗ ಅದರ ವೀರ ಅಕಿಲೀಸನ ಹೆಸರನ್ನು ‘ಆ್ಯಶ್‌ಹೀಲ್ಸ್’ ಅಂತ ಕೆಡಿಸುತ್ತಾನೆ, ಅದು ಕನ್ನಡಕ್ಕೆ ಬರುತ್ತಲೇ ಇರಲಿಲ್ಲ. ನಮ್ಮ ಹುಡುಗ ತಾಲೀಮಿನಲ್ಲಿ ತಡವರಿಸಿ “ಅಕ್ಕಿಲ್ಲೀಸ” ಅಂದ. ಅಕ್ಕಿ ಇಲ್ಲ ಅಂತಲೇ ಕೇಳಿಸಿತು. ಹಾಗೇ ಇಟ್ಟೆವು. ಮೊದಲ ಸಲ ಜನ ನಗುತ್ತಾರೆ, ಚೀಲ ಕುಗ್ಗಿದ ಮೇಲೆ ಅದೇ ಹೆಸರಿಗೆ ನಗೋದಿಲ್ಲ.

ಇಡೀ ಖರ್ಚು ಹನ್ನೊಂದು ಸಾವಿರ ಚಿಲ್ಲರೆ. ನೂರು ರೂಪಾಯಿ ಟಿಕೆಟ್ ಇಟ್ಟು ಎರಡನೇ ಪ್ರಯೋಗದಲ್ಲೇ ವಾಪಸ್ ಬಂತು. ಸಿಟ್ಟಾಗಿದ್ದ ಹಿರಿಯರು ಮೂರು ಸಲ ನೋಡಿದ್ದಾರೆ.

ಮೊದಲ ಪ್ರಯೋಗ ಮುಗಿದಾಗ ವಯಸ್ಸಾದ ಹೆಂಗಸೊಬ್ಬರು ರಂಗದ ಹತ್ತಿರ ಬಂದರು. “ಅಲ್ಲಪಾ, ಆ ಹುಡುಗಿ ಆಮ್ಯಾಲೆ ರೊಟ್ಟಿ ತಿಂದಳೋ ಇಲ್ಲೋ?” ಅಂತ ಕೇಳಿದರು. ಹಾರ್ಟ್ ಅದನ್ನು ಬರೆದಿಲ್ಲ. ಪೈನಿ ಮತ್ತು ಡಚೆಸ್ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಸತ್ತಿದ್ದು ಮಾತ್ರ ಇದೆ. ನಾನು ರಾತ್ರಿಯೆಲ್ಲಾ ಯೋಚಿಸಿದೆ. ಎರಡನೇ ಪ್ರಯೋಗದಿಂದ ಕೊನೆಯ ದೃಶ್ಯದಲ್ಲೂ ಹಲಗೆ ಅಲ್ಲೇ ಇರುತ್ತದೆ, ಮೇಲೆ ಆರು ರೊಟ್ಟಿ. ಏಳನೆಯದರ ಅರ್ಧ ಪೈನಿಯ ಕೈಯಲ್ಲಿ, ಅರ್ಧ ಡಚೆಸ್ ಕೈಯಲ್ಲಿ.